ಮೇಷ್ಟ್ರ ಕೈಗೆ ಮೂಲ ಹಾಳೆ ಕೊಡಿ

2024ರ ಜುಲೈ ತಿಂಗಳು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಒಂದೆರಡು ದಿನದಲ್ಲೇ ತಡೆಹಿಡಿದಿತ್ತು. ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಯಾರೂ ಏನನ್ನೂ ತಡೆಹಿಡಿಯಲಿಲ್ಲ. ಊರಿನಲ್ಲಿ ತಂಗಿಗೆ, ತಮ್ಮನಿಗೆ ಕೆಲಸ ಹುಡುಕುತ್ತಿದ್ದವರು ಮಸೂದೆಯ ಪರ. ನಾಳೆ ಮಹಾರಾಷ್ಟ್ರವೂ ಇದನ್ನೇ ಮಾಡಿದರೆ ನಮ್ಮ ಗತಿ ಏನು ಎಂದು ಹೆದರಿದವರು ವಿರೋಧ. ಎರಡು ದಿನದೊಳಗೆ ಎರಡು ಕಡೆಯಿಂದಲೂ ಅಂಬೇಡ್ಕರ್ ಚಿತ್ರವಿದ್ದ ಪೋಸ್ಟರುಗಳು ಬಂದವು. ಹೊರಗಿನವರು ಬಂದು ಕೆಲಸ ಕಿತ್ತುಕೊಳ್ಳುವುದನ್ನು ಬಾಬಾಸಾಹೇಬರೇ ಒಪ್ಪಿರಲಿಲ್ಲ ಎಂದು ಒಂದು ಪೋಸ್ಟರ್. ಹುಟ್ಟಿದ ಊರಿನ ಆಧಾರದ ಮೇಲೆ ಭೇದ ಮಾಡಕೂಡದೆಂದು ಬಾಬಾಸಾಹೇಬರೇ 16ನೇ ವಿಧಿಯಲ್ಲಿ ಬರೆದಿದ್ದಾರೆ ಎಂದು ಇನ್ನೊಂದು.

ನನ್ನ ಅಕ್ಕ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಇಪ್ಪತ್ತೆರಡು ವರ್ಷದ ಸರ್ವಿಸು. ಇವೆರಡರಲ್ಲಿ ಯಾವುದು ನಿಜ ಎಂದು ಅವಳಿಗೆ ಫೋನ್ ಮಾಡಿ ಕೇಳಿದೆ.

"ಅದು ನಮ್ಮ ಪುಸ್ತಕದಾಗ ಇಲ್ಲೋ ತಮ್ಮಾ. ಸಂವಿಧಾನಕ್ಕ ಎಷ್ಟು ವಿಧಿ, ಎಷ್ಟು ಅನುಸೂಚಿ, ಎಷ್ಟು ದಿನ ತಗೊಂಡ್ರು ಅಂತ ಕೇಳು, ನಿದ್ದಿಗಣ್ಣಾಗ ಹೇಳ್ತೀನಿ. ಯಾಕ ಹಂಗ ಬರದ್ರು ಅಂತ ನನಗ ಯಾರೂ ಹೇಳಿಲ್ಲ, ನಾನೂ ಯಾರಿಗೂ ಹೇಳಿಲ್ಲ."

ಈ ಲೇಖನ ಆ ಕೊನೆಯ ವಾಕ್ಯದ ಬಗ್ಗೆ. ಸಂವಿಧಾನವನ್ನು ಮಕ್ಕಳಿಗೆ ಕಲಿಸುತ್ತಿಲ್ಲ ಎಂಬ ಗೋಳು ನನ್ನದಲ್ಲ, ಬೇಕಾದಷ್ಟು ಕಲಿಸುತ್ತಿದ್ದೇವೆ. ನನ್ನ ತಕರಾರು ಇರುವುದು ಕಲಿಸುವವರಿಗೆ ಅದನ್ನು ಓದಲು ನಾವು ಒಮ್ಮೆಯೂ ಬಿಟ್ಟಿಲ್ಲ ಎಂಬುದರ ಬಗ್ಗೆ. ಸಂವಿಧಾನ ರಚನಾ ಸಭೆಯ ಚರ್ಚೆಯ ಒಂದೇ ಒಂದು ಮೂಲ ಪುಟವನ್ನು ಕೈಯಲ್ಲಿ ಹಿಡಿದು ಓದದೆ ಒಬ್ಬ ಶಿಕ್ಷಕಿ ಬಿ.ಎಡ್. ಮುಗಿಸಬಹುದು, ನೇಮಕಾತಿ ಪರೀಕ್ಷೆ ಪಾಸಾಗಬಹುದು, ಹತ್ತಾರು ತರಬೇತಿಗಳಿಗೆ ಸಹಿ ಹಾಕಬಹುದು, ನಿವೃತ್ತಿಯೂ ಆಗಬಹುದು. ಹೀಗಿರುವವರೆಗೆ ಪಠ್ಯಪುಸ್ತಕ ಯಾರು ಬರೆದರೂ, ಯಾರು ಪರಿಷ್ಕರಿಸಿದರೂ ತರಗತಿಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ.

ಮೊದಲು ಆ ಎರಡು ಪೋಸ್ಟರುಗಳ ಕಥೆ ಮುಗಿಸೋಣ. ಎರಡರ ಮೂಲವೂ ಒಂದೇ ದಿನದ ಚರ್ಚೆ: 1948ರ ನವೆಂಬರ್ 30. ಸಭೆಯ ಮುಂದಿದ್ದದ್ದು ಕರಡಿನ 10ನೇ ವಿಧಿ. ಈಗ ಅದು 16ನೇ ವಿಧಿ, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಇತ್ಯಾದಿಗಳ ಆಧಾರದಲ್ಲಿ ಭೇದ ಮಾಡಬಾರದು ಎಂದು ಕರಡು ಹೇಳುತ್ತಿತ್ತು. ಸಂಯುಕ್ತ ಪ್ರಾಂತದ ಸದಸ್ಯ ಜಸ್ಪತ್ ರಾಯ್ ಕಪೂರ್ ಎದ್ದು, ಆ ಪಟ್ಟಿಗೆ 'ವಾಸಸ್ಥಳ'ವನ್ನೂ ಸೇರಿಸಿ ಎಂದು ತಿದ್ದುಪಡಿ ತಂದರು. ದೇಶಕ್ಕೆಲ್ಲ ಒಂದೇ ಪೌರತ್ವ ಎಂದ ಮೇಲೆ ಯಾವ ಪ್ರಾಂತದಲ್ಲಿ ವಾಸ ಎಂಬುದು ಏಕೆ ಅಡ್ಡ ಬರಬೇಕು ಎಂಬುದು ಅವರ ವಾದ. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇದಕ್ಕೆ ಜೊತೆಯಾಗಿ ಇನ್ನೊಂದು ತಿದ್ದುಪಡಿ ತಂದರು: ಕೆಲವು ಬಗೆಯ ಸರ್ಕಾರಿ ಹುದ್ದೆಗಳಿಗೆ ವಾಸದ ಷರತ್ತು ಬೇಕೆಂದರೆ ಸಂಸತ್ತು ಕಾನೂನು ಮಾಡಬಹುದು.

ಕೊನೆಗೆ ಅಂಬೇಡ್ಕರ್ ಉತ್ತರ ಕೊಟ್ಟರು. ಒಂದೇ ಪೌರತ್ವದ ತತ್ವವನ್ನು ಅವರು ಒಪ್ಪಿದರು. ಅದರ ಬೆನ್ನಿಗೇ, ಪ್ರಾಂತದಿಂದ ಪ್ರಾಂತಕ್ಕೆ ಹಾರುವ, ಎಲ್ಲೂ ಬೇರಿಲ್ಲದ ವಲಸೆ ಹಕ್ಕಿಗಳಂಥವರು ಬಂದು, ಅರ್ಜಿ ಹಾಕಿ, ಒಳ್ಳೊಳ್ಳೆಯ ಹಣ್ಣು ಕಿತ್ತುಕೊಂಡು ಹೊರಟುಹೋಗುವುದಕ್ಕೂ ಬಿಡಲಾಗದು ಎಂಬರ್ಥದ ಮಾತನ್ನೂ ಆಡಿದರು. ಆದರೆ ಈ ಷರತ್ತು ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟರೆ ಒಬ್ಬೊಬ್ಬರದು ಒಂದೊಂದು ನಿಯಮವಾದೀತು, ಆದ್ದರಿಂದ ಅದು ಸಂಸತ್ತಿನ ಕೈಯಲ್ಲಿ ಮಾತ್ರ ಇರಲಿ ಎಂದರು.

ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತು ಇದನ್ನು ಓದುವ ನಿಮಗೆ ಆ ಹಕ್ಕಿಯ ಮಾತು ಎಲ್ಲಿ ಚುಚ್ಚುತ್ತದೆ ಎಂದು ನನಗೆ ಗೊತ್ತು. ನನಗೂ ಚುಚ್ಚಿತು. ಹಾಗಾಗಿಯೇ ಮತ್ತೆ ಓದಿದೆ. ಮತ್ತೆ ಓದಿದಾಗ ಗಮನಕ್ಕೆ ಬಂದದ್ದು, ಎರಡೂ ಪೋಸ್ಟರುಗಳು ಬಿಟ್ಟುಬಿಟ್ಟಿದ್ದ ಸಂಗತಿ. ಆ ಇಡೀ ಚರ್ಚೆ ಸರ್ಕಾರಿ ಹುದ್ದೆಗಳ ಬಗ್ಗೆ. ನಮ್ಮ ಗುಂಪು ಕಚ್ಚಾಡುತ್ತಿದ್ದದ್ದು ಖಾಸಗಿ ಕೆಲಸಗಳ ಬಗ್ಗೆ. ಒಂದು ಕಡೆಯವರು ಹಕ್ಕಿಯನ್ನು ಹಿಡಿದುಕೊಂಡು ಒಂದೇ ಪೌರತ್ವವನ್ನು ಬಿಟ್ಟಿದ್ದರು. ಇನ್ನೊಂದು ಕಡೆಯವರು 16ನೇ ವಿಧಿಯ ಎರಡನೇ ಖಂಡವನ್ನು ಹಿಡಿದುಕೊಂಡು, ಅದರ ಕೆಳಗೇ ಇರುವ ಮೂರನೇ ಖಂಡವನ್ನು ಬಿಟ್ಟಿದ್ದರು. ಗುಂಪಿನಲ್ಲಿದ್ದವರಲ್ಲಿ ಇಂಜಿನಿಯರುಗಳೇ ಹೆಚ್ಚು, ನಡುವೆ ಡಾಕ್ಟರರು, ಒಬ್ಬರು ಚಾರ್ಟರ್ಡ್ ಅಕೌಂಟೆಂಟ್. ಎಲ್ಲರೂ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದವರೇ. ಒಂದು ದಾಖಲೆಯನ್ನು ಯಾರು ಹೇಳಿದರು, ಯಾವುದಕ್ಕೆ ಉತ್ತರವಾಗಿ ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಕೇಳಿಕೊಂಡು ಓದುವುದನ್ನು ಮಾತ್ರ ನಮಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮೇಷ್ಟ್ರುಗಳಿಗೂ ಯಾರೂ ಕಲಿಸಿರಲಿಲ್ಲ.

ಹಾಗಾದರೆ ಅವರಿಗೆ ಏನು ಕಲಿಸುತ್ತಿದ್ದಾರೆ? ಅಕ್ಕ ಹೋದ ಒಂದು ತರಬೇತಿಯ ವರ್ಣನೆ ಕೇಳಿ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ. ಉದ್ಘಾಟನೆ, ಗಿಡಕ್ಕೆ ನೀರು ಹಾಕುವ ಫೋಟೋ. ಆಮೇಲೆ ಸ್ಲೈಡುಗಳು: ನಮ್ಮ ಸಂವಿಧಾನ ಪ್ರಪಂಚದ ಅತಿ ದೊಡ್ಡ ಲಿಖಿತ ಸಂವಿಧಾನ, ಅದು ತಯಾರಾದದ್ದು ಇಷ್ಟು ವರ್ಷ ಇಷ್ಟು ತಿಂಗಳು ಇಷ್ಟು ದಿನದಲ್ಲಿ, ಯಾವ ದೇಶದಿಂದ ಏನನ್ನು ಪಡೆಯಿತು ಎಂಬ ಪಟ್ಟಿ. ಊಟ. ಊಟದ ನಂತರ ಗುಂಪು ಚಟುವಟಿಕೆ: ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮೂಲಭೂತ ಹಕ್ಕುಗಳ ಮರದ ಚಿತ್ರ ಬರೆಯಿರಿ, ಒಂದೊಂದು ಎಲೆಯ ಮೇಲೆ ಒಂದೊಂದು ಹಕ್ಕು. ಸಂಜೆ ಹಿಮ್ಮಾಹಿತಿ ನಮೂನೆ, ಟಿಎ-ಡಿಎ, ಮನೆ. ಕಲಿಸಿದ ಸಂಪನ್ಮೂಲ ವ್ಯಕ್ತಿಯೂ ಮೇಷ್ಟ್ರೇ. ಅವರಿಗೆ ಜಿಲ್ಲೆಯಲ್ಲಿ ಯಾರೋ ಹೇಳಿಕೊಟ್ಟದ್ದು, ಜಿಲ್ಲೆಯವರಿಗೆ ರಾಜ್ಯಮಟ್ಟದಲ್ಲಿ ಯಾರೋ ಹೇಳಿಕೊಟ್ಟದ್ದು. ಮೇಲಿನ ಕೊಡದಿಂದ ಕೆಳಗಿನ ಕೊಡಕ್ಕೆ ಬಗ್ಗಿಸುತ್ತಾ ಬಂದು, ತಾಲೂಕು ಮುಟ್ಟುವಾಗ ಉಳಿಯುವುದು ಸ್ಲೈಡು ಮಾತ್ರ.

ಅಕ್ಕನನ್ನಾಗಲೀ ಆ ಸಂಪನ್ಮೂಲ ವ್ಯಕ್ತಿಯನ್ನಾಗಲೀ ನಾನು ದೂರುತ್ತಿಲ್ಲ. ಈ ರೋಗ ಹಳೆಯದು. ನಮ್ಮ ಅಪ್ಪಂದಿರ ಕಾಲದಲ್ಲಿ ಈ ವಿಷಯಕ್ಕೆ 'ಪೌರನೀತಿ' ಎಂಬ ಹೆಸರಿತ್ತು. ಹೆಸರಿನಲ್ಲೇ ನೀತಿ ಇದೆ, ಅಂದರೆ ಬೋಧಿಸಬೇಕಾದದ್ದು, ತಲೆಯಾಡಿಸಬೇಕಾದದ್ದು. ಇದರ ಬೇರು ಬ್ರಿಟಿಷರ ಕಾಲದಲ್ಲಿದೆ. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಲೀ-ವಾರ್ನರ್ 1897ರಲ್ಲಿ 'ದಿ ಸಿಟಿಜನ್ ಆಫ್ ಇಂಡಿಯಾ' ಎಂಬ ಶಾಲಾ ಪುಸ್ತಕ ಬರೆದರು. ಆಳುವವರ ವ್ಯವಸ್ಥೆ ಎಷ್ಟು ಒಳ್ಳೆಯದು, ಪ್ರಜೆಯ ಕರ್ತವ್ಯವೇನು ಎಂದು ಮಕ್ಕಳಿಗೆ ತಿಳಿಹೇಳುವ ಪುಸ್ತಕ ಅದು. ಆಳುವವರು ಬದಲಾದರು. ವಿಷಯ ಹೇಳಿಕೊಡುವ ರೀತಿ ಬದಲಾಗಲಿಲ್ಲ. ಆಗ ಚಕ್ರವರ್ತಿಯನ್ನು ಹೊಗಳುತ್ತಿದ್ದ ಜಾಗದಲ್ಲಿ ಈಗ ಸಂವಿಧಾನವನ್ನು ಹೊಗಳುತ್ತೇವೆ, ಅಷ್ಟೇ. ಹೊಗಳಿಕೆಗೆ ಪ್ರಶ್ನೆ ಬೇಕಾಗುವುದಿಲ್ಲ. ಪ್ರಶ್ನೆ ಬೇಡವಾದ ಕಡೆ ದಾಖಲೆಯೂ ಬೇಡ.

2015ರಿಂದ ನವೆಂಬರ್ 26 ಸಂವಿಧಾನ ದಿನ. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಜನವರಿ 26ರಿಂದ ಪೀಠಿಕೆಯ ಓದು ಕಡ್ಡಾಯ. ಕರ್ನಾಟಕವೂ 2023ರಲ್ಲಿ ಅದೇ ತೀರ್ಮಾನ ಮಾಡಿತು. ನನ್ನ ಮಗ ಪುಣೆಯಲ್ಲಿ ಮರಾಠಿಯಲ್ಲಿ ಹೇಳುತ್ತಾನೆ, ಅಕ್ಕನ ಮಕ್ಕಳು ಕೊಪ್ಪಳದಲ್ಲಿ ಕನ್ನಡದಲ್ಲಿ ಹೇಳುತ್ತಾರೆ. ಇದನ್ನು ನಾನು ವಿರೋಧಿಸುವುದಿಲ್ಲ. ಪೀಠಿಕೆ ಕಿವಿಗೆ ಬೀಳುವುದು ಒಳ್ಳೆಯದೇ. ಆದರೆ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣುಮುಚ್ಚಿ ಹೇಳುವುದನ್ನೇ ಓದು ಎಂದು ಕರೆದರೆ, ಮಗು ಅದನ್ನು ಇನ್ನೊಂದು ಸ್ತೋತ್ರ ಎಂದುಕೊಳ್ಳುತ್ತದೆ. ಆ ಪೀಠಿಕೆಯ ಒಂದೊಂದು ಪದದ ಮೇಲೂ ಮನುಷ್ಯರು ಎದ್ದುನಿಂತು ವಾದ ಮಾಡಿದ್ದಾರೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಕರ್ನಾಟಕದ ಎಂಟನೇ ತರಗತಿಯ ಇತಿಹಾಸ ಶುರುವಾಗುವುದೇ 'ಆಧಾರಗಳು' ಎಂಬ ಪಾಠದಿಂದ. ಇತಿಹಾಸವನ್ನು ಆಧಾರಗಳಿಂದ ಬರೆಯುತ್ತಾರೆ, ಶಾಸನ ಇದೆ, ನಾಣ್ಯ ಇದೆ, ಸಾಹಿತ್ಯ ಇದೆ ಎಂದು ಮಕ್ಕಳು ಕಲಿಯುತ್ತಾರೆ. ಹಲ್ಮಿಡಿಯ ಕಲ್ಲಿಗೆ ಆಧಾರದ ಗೌರವ ಸಿಗುತ್ತದೆ. ನಮ್ಮ ಅಜ್ಜಂದಿರ ಕಾಲದ, ಶಬ್ದಶಃ ಬರೆದಿಟ್ಟ, ಜಾಲದಲ್ಲಿ ಪುಕ್ಕಟೆ ಸಿಗುವ ಚರ್ಚೆಗೆ ಸಿಗುವುದಿಲ್ಲ. ರಾಜ್ಯಶಾಸ್ತ್ರದ ಪಾಠ ಬಂದ ಕೂಡಲೇ ಆಧಾರಗಳು ಮಾಯವಾಗಿ ಅಂಕಿಗಳು ಬರುತ್ತವೆ. ಆ ಅಂಕಿಗಳಲ್ಲೂ ಕಥೆ ಇಲ್ಲವೆಂದಲ್ಲ. ಕರಡಿಗೆ ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂದಿತ್ತು, 2,473 ಸಭೆಯಲ್ಲಿ ಮಂಡನೆಯಾದವು ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಹೇಳಿದರು. ಅಷ್ಟು ಭಿನ್ನಾಭಿಪ್ರಾಯದ ಒಂದಾದರೂ ತುಣುಕನ್ನು ಓದದೆ, ಬರೀ ಸಂಖ್ಯೆಯನ್ನು ಒಂದು ಅಂಕದ ಪ್ರಶ್ನೆ ಮಾಡುವುದು ಎಂಥ ಜಿಪುಣತನ!

ಪುಸ್ತಕ ಬದಲಿಸಿದರೆ ಸಾಕು ಎನ್ನುವವರು ಇದ್ದಾರೆ. ಸಾಲದು. ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಇತಿಹಾಸದಲ್ಲಿ ಸಂವಿಧಾನ ರಚನೆಯ ಅಧ್ಯಾಯವೊಂದು ಬಂತು. ಅದರಲ್ಲಿ ಸಭೆಯ ಭಾಷಣಗಳ ತುಣುಕುಗಳನ್ನೇ ಪೆಟ್ಟಿಗೆ ಕಟ್ಟಿ ಕೊಟ್ಟಿದ್ದರು. ಒಳ್ಳೆಯ ಕೆಲಸ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಆಕರ ಆಧಾರಿತ ಪ್ರಶ್ನೆಯೂ ಇದೆ. ನಮ್ಮ ಮಹಡಿಯ ಹುಡುಗಿಯೊಬ್ಬಳು ಅದನ್ನು ಓದುತ್ತಿದ್ದಾಗ ನೋಡಿದೆ. ಟ್ಯೂಷನ್ನಿನವರು ಪ್ರತಿ ಪೆಟ್ಟಿಗೆಗೂ ಮೂರು ಪ್ರಶ್ನೆ, ಮೂರು ಸಿದ್ಧ ಉತ್ತರ ಮಾಡಿ ಕೊಟ್ಟಿದ್ದರು. ಅವಳು ಪೆಟ್ಟಿಗೆ ಓದಿರಲಿಲ್ಲ, ಉತ್ತರ ಓದಿದ್ದಳು. ಪುಸ್ತಕವೂ ಬದಲಾಗಿ, ಪರೀಕ್ಷೆಯೂ ಬದಲಾಗಿ, ಕಲಿಸುವವರು ಬದಲಾಗದಿದ್ದರೆ ಆಗುವುದು ಇಷ್ಟೇ: ಮೂಲ ಆಕರವೂ ಗೈಡಿನೊಳಗೆ ಸೇರಿಕೊಳ್ಳುತ್ತದೆ.

ಆದ್ದರಿಂದ ಮೊದಲು ಮೇಷ್ಟ್ರು. ತರಬೇತಿ ಎಂದರೆ ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಎಂಬ ಉಪಾಯ ಆಮೇಲೆ. ಮೊದಲು ಅವರೇ ಓದುಗರಾಗಬೇಕು. ನನಗೆ ಹೊಳೆಯುವ ರೂಪ ಸರಳವಾದದ್ದು. ಒಂದು ಕ್ಲಸ್ಟರಿನ ಹದಿನೈದು ಇಪ್ಪತ್ತು ಸಮಾಜ ವಿಜ್ಞಾನ ಶಿಕ್ಷಕರು, ಒಂದು ದಿನ, ನಾಲ್ಕು ಪುಟದ ಒಂದು ಹಾಳೆ. ಸ್ಲೈಡು ಬೇಡ. ಬೆಳಿಗ್ಗೆ ಗಟ್ಟಿಯಾಗಿ ಓದುವುದು. ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಉತ್ತರ ಕೊಡುತ್ತಿದ್ದಾರೆ, ಯಾವುದನ್ನು ಅವರು ಹೇಳದೆ ಬಿಟ್ಟರು, ಕೊನೆಗೆ ವಿಧಿಯಲ್ಲಿ ಉಳಿದ ಪದ ಯಾವುದು ಎಂದು ಕೇಳಿಕೊಳ್ಳುವುದು. ಮಧ್ಯಾಹ್ನ ಜಗಳ. ಹೌದು, ಜಗಳವೇ. ನಾನು ಆ ಸಭೆಯಲ್ಲಿದ್ದರೆ ಯಾವ ಕಡೆ ಕೈ ಎತ್ತುತ್ತಿದ್ದೆ ಎಂದು ಒಬ್ಬೊಬ್ಬ ಶಿಕ್ಷಕರೂ ಹೇಳಬೇಕು, ಹಾಳೆಯಿಂದ ಸಾಲು ತೋರಿಸಿ ಹೇಳಬೇಕು. ತಿಂಗಳಾದ ಮೇಲೆ ಅದೇ ಹಾಳೆಯನ್ನು ತರಗತಿಯಲ್ಲಿ ಬಳಸಿ, ಮಕ್ಕಳು ಬರೆದ ಉತ್ತರಗಳನ್ನು ಕಟ್ಟಿಕೊಂಡು ಮತ್ತೆ ಸೇರಬೇಕು. ಎಲ್ಲಿ ಎಡವಿದೆವು ಎಂದು ಮಾತಾಡಬೇಕು. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿ ಎಂದು 2020ರ ಶಿಕ್ಷಣ ನೀತಿ ಹೇಳುತ್ತದೆ. ಅದರಲ್ಲಿ ಹನ್ನೆರಡು ಗಂಟೆ ಇದಕ್ಕೆ ಕೊಡಿ.

ಹಾಳೆಗಳಿಗೆ ಬರವಿಲ್ಲ. 1948ರ ನವೆಂಬರ್ 29ರಂದು ಅಸ್ಪೃಶ್ಯತೆ ನಿಷೇಧದ ವಿಧಿ ಚರ್ಚೆಗೆ ಬಂತು. ಕೆ.ಟಿ. ಶಾ ಅವರು ಈ ಪದಕ್ಕೆ ವ್ಯಾಖ್ಯೆಯೇ ಇಲ್ಲವಲ್ಲ ಎಂದು ಆಕ್ಷೇಪ ಎತ್ತಿದರು. ವ್ಯಾಖ್ಯೆ ಸೇರಲಿಲ್ಲ. ಇಂಗ್ಲಿಷ್ ಮೂಲದಲ್ಲಿ ಆ ಪದದ ಸುತ್ತ ಉದ್ಧರಣ ಚಿಹ್ನೆ ಇದೆ. ಆ ಚಿಹ್ನೆ ಅಲ್ಲೇಕಿದೆ ಎಂಬುದನ್ನು ಮುಂದೆ 1950ರ ದಶಕದಲ್ಲೇ ನಮ್ಮ ಮೈಸೂರು ಹೈಕೋರ್ಟ್ ಎತ್ತಿಕೊಂಡು, ಇಲ್ಲಿ ಹೇಳಿರುವುದು ಪದದ ಬರೀ ಅಕ್ಷರಾರ್ಥವಲ್ಲ, ಈ ದೇಶದಲ್ಲಿ ಚಾರಿತ್ರಿಕವಾಗಿ ಬೆಳೆದು ಬಂದ ಆಚರಣೆ ಎಂದು ಅರ್ಥ ಹೇಳಿತು. ಎರಡು ಸಣ್ಣ ಚಿಹ್ನೆಗಳಿಂದ ಒಂದು ಪೀರಿಯಡ್ ಪಾಠ ಮಾಡಬಹುದು. 1949ರ ನವೆಂಬರಿನಲ್ಲಿ ನಮ್ಮ ಕೆಂಗಲ್ ಹನುಮಂತಯ್ಯನವರು ಎದ್ದು, ನಾವು ಬಯಸಿದ್ದು ವೀಣೆ ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂದು ಕರಡನ್ನು ಹಂಗಿಸಿದರು. ಮುಂದೆ ವಿಧಾನಸೌಧ ಕಟ್ಟಿಸಿದ ಮನುಷ್ಯ ಸಂವಿಧಾನವನ್ನು ಹೀಗೂ ಟೀಕಿಸಿದ್ದರು ಎಂದು ಎಷ್ಟು ಕನ್ನಡ ಮಕ್ಕಳಿಗೆ ಗೊತ್ತು? ಟೀಕೆ ಮಾಡಿದವರೂ ಸಂವಿಧಾನವನ್ನು ಕಟ್ಟಿದವರೇ ಎಂಬ ತಿಳಿವಳಿಕೆ ಹದಿನಾಲ್ಕು ವರ್ಷದ ಮಗುವಿಗೆ ಬಂದರೆ, ಅದು ಮುಂದೆ ಪ್ರಶ್ನೆ ಕೇಳಿದವರನ್ನೆಲ್ಲ ದೇಶದ್ರೋಹಿ ಎನ್ನುವುದಿಲ್ಲ.

ದಾಖಲೆ ಎಂದರೆ ದೆಹಲಿಯದೇ ಆಗಬೇಕಿಲ್ಲ. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಎಂಬ ಮಾತು ಸಂವಿಧಾನಕ್ಕಿಂತ ಮೂರು ದಶಕ ಮೊದಲೇ ನಮ್ಮಲ್ಲಿ ನಡೆದಿತ್ತು. ಇನ್ನೂ ಹತ್ತಿರ ಬೇಕೆಂದರೆ ಗ್ರಾಮಸಭೆಯ ನಡವಳಿ ಪುಸ್ತಕ ಇದೆ, ಶಾಲೆಯ ಎಸ್‌ಡಿಎಂಸಿ ರಿಜಿಸ್ಟರ್ ಇದೆ.

ಮೇಷ್ಟ್ರುಗಳಿಗೆ ಓದಲು ಬರುವುದಿಲ್ಲ ಎಂಬ ಅಹಂಕಾರವಂತೂ ಬೇಡವೇ ಬೇಡ. ಈ ದೇಶದ ಚುನಾವಣೆ ನಡೆಸುವವರಲ್ಲಿ ಬಹಳಷ್ಟು ಜನ ಅವರೇ. ಮನೆಮನೆಗೆ ಹೋಗಿ ನಮೂನೆ 6 ತುಂಬಿಸುವ ಬಿಎಲ್‌ಒ ಅವರು, ಮತಗಟ್ಟೆಯಲ್ಲಿ 17ಸಿ ನಮೂನೆಗೆ ಸಹಿ ಹಾಕುವವರು ಅವರು. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ತಯಾರಿಸುವಾಗ, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಆಗಿನ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ವರದಿಯಲ್ಲಿ ಇದು ದಾಖಲಾಗಿದೆ. ಆ ಭಾಗವನ್ನು ಬಿಎಲ್‌ಒ ಕೆಲಸ ಮಾಡಿದ ಶಿಕ್ಷಕಿಯ ಕೈಗೆ ಕೊಟ್ಟು ನೋಡಿ. ಹೆಸರು ಕೇಳಿದರೆ ಇವತ್ತಿಗೂ ಗಂಡನ ಮುಖ ನೋಡುವ ಹೆಂಗಸಿನ ಕಥೆ ಅವಳ ಬಳಿ ಇರುತ್ತದೆ. ಸಾರ್ವತ್ರಿಕ ಮತದಾನ ಎಂಬ ಪಾಠಕ್ಕೆ ಅವಳಿಗಿಂತ ದೊಡ್ಡ ಪಂಡಿತರು ಯಾವ ವಿಶ್ವವಿದ್ಯಾಲಯದಲ್ಲೂ ಸಿಗಲಿಕ್ಕಿಲ್ಲ. ಅವಳ ಅನುಭವಕ್ಕೂ ಪಠ್ಯಕ್ಕೂ ನಡುವೆ ಒಂದು ದಾಖಲೆಯ ಸೇತುವೆ ಬೇಕು, ಅದನ್ನು ನಾವು ಕೊಟ್ಟಿಲ್ಲ.

ಈಗ ಆಕ್ಷೇಪಗಳು. ಮೊದಲನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಪಾಸಿಂಗ್ ಪ್ಯಾಕೇಜು ಹಿಡಿದು ಸಂಜೆ ಕ್ಲಾಸು ತೆಗೆದುಕೊಳ್ಳುವ ಮೇಷ್ಟ್ರಿಗೆ ಸಭಾ ಚರ್ಚೆ ಓದಲು ಸಮಯವೆಲ್ಲಿ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡುವವರು. ಐದು ಒಂದಂಕದ ಪ್ರಶ್ನೆ ತೆಗೆದು, ಮೊದಲು ನೋಡಿರದ ಒಂದು ಪ್ಯಾರಾ ಕೊಟ್ಟು ಪ್ರಶ್ನೆ ಕೇಳಿ. ಕನ್ನಡ ಪತ್ರಿಕೆಯಲ್ಲಿ ಅಪಠಿತ ಗದ್ಯ ಇರುವಂತೆ ಇಲ್ಲೂ ಇರಲಿ. ಆದರೆ ಶಿಕ್ಷಕರ ಓದು ಮೊದಲು, ಪ್ರಶ್ನೆ ಆಮೇಲೆ. ಇಲ್ಲದಿದ್ದರೆ ನಮ್ಮ ಮಹಡಿಯ ಹುಡುಗಿಯ ಕಥೆಯೇ.

ಎರಡನೆಯದು ಭಾಷೆ. ಚರ್ಚೆಗಳು ಕಾನೂನಿನ ಇಂಗ್ಲಿಷಿನಲ್ಲಿವೆ. ಅಂಬೇಡ್ಕರರ ಬರಹ, ಭಾಷಣಗಳ ಸಂಪುಟಗಳು ಕನ್ನಡಕ್ಕೆ ಬಂದಿವೆ. ಆದರೆ ಅವು ಗ್ರಂಥಾಲಯದ ಬೀರುವಿಗೆ ಒಗ್ಗುವ ದಪ್ಪ ಸಂಪುಟಗಳು, ನಲವತ್ತು ನಿಮಿಷದ ಪೀರಿಯಡ್ಡಿಗೆ ಒಗ್ಗುವ ಹಾಳೆಗಳಲ್ಲ. ಹಾಳೆ ಮಾಡಲು ಯಾರಾದರೂ ಕುಳಿತುಕೊಳ್ಳಬೇಕು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೂರನೆಯದು ಭಯ, ಮತ್ತು ಯಾರೂ ಬಾಯಿಬಿಟ್ಟು ಹೇಳದ್ದು. ಮೇಷ್ಟ್ರು ವಿವಾದದ ವಿಷಯ ಎತ್ತಿದರೆ ಯಾರೋ ವಿಡಿಯೋ ಮಾಡುತ್ತಾರೆ, ಯಾರೋ ದೂರು ಕೊಡುತ್ತಾರೆ, ವರ್ಗಾವಣೆಯೋ ಅಮಾನತೋ ಆಗುತ್ತದೆ. ನಾನು ಹೇಳುವುದು ಇದರ ಉಲ್ಟಾ. ಮೂಲ ಹಾಳೆಯೇ ಮೇಷ್ಟ್ರಿಗೆ ರಕ್ಷೆ. ಒಂದು ಉದಾಹರಣೆ ನೋಡಿ. ಪೀಠಿಕೆಗೆ 'ಸಮಾಜವಾದಿ', 'ಸೆಕ್ಯುಲರ್' ಪದಗಳು ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಅಂಬೇಡ್ಕರ್ ಈ ಪದಗಳನ್ನು ವಿರೋಧಿಸಿದ್ದರು ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. 1948ರ ನವೆಂಬರ್ 15ರ ಪುಟ ತೆಗೆಯಿರಿ. ಮೊದಲನೇ ವಿಧಿಗೇ ಸೆಕ್ಯುಲರ್, ಫೆಡರಲ್, ಸೋಷಲಿಸ್ಟ್ ಎಂಬ ಪದಗಳನ್ನು ಸೇರಿಸಿ ಎಂದು ಕೆ.ಟಿ. ಶಾ ಕೇಳಿದ್ದು ನಿಜ, ಅಂಬೇಡ್ಕರ್ ಒಪ್ಪದಿದ್ದದ್ದೂ ನಿಜ. ಏಕೆ ಒಪ್ಪಲಿಲ್ಲ? ಅವರ ಉತ್ತರದ ಬಹುಪಾಲು ಸಮಾಜವಾದದ ಬಗ್ಗೆ. ಸಮಾಜದ ಆರ್ಥಿಕ ವ್ಯವಸ್ಥೆ ಹೇಗಿರಬೇಕೆಂದು ಆಯಾ ಕಾಲದ ಜನ ತೀರ್ಮಾನಿಸಲಿ, ಸಂವಿಧಾನ ಅವರ ಕೈ ಕಟ್ಟುವುದು ಬೇಡ ಎಂಬುದು ಒಂದು ಕಾರಣ. ನಿರ್ದೇಶಕ ತತ್ವಗಳಲ್ಲಿ ಆ ದಿಕ್ಕು ಆಗಲೇ ಇದೆ, ಹಾಗಾಗಿ ಪದ ಅನಗತ್ಯ ಎಂಬುದು ಇನ್ನೊಂದು. ಈ ಪುಟ ಓದಿದ ಮಗು ಯಾವ ಪಕ್ಷಕ್ಕೂ ಸುಲಭದ ತುತ್ತಾಗುವುದಿಲ್ಲ. ಮೇಷ್ಟ್ರೂ ತಮ್ಮ ಅಭಿಪ್ರಾಯ ಹೇಳಿದರು ಎಂಬ ಆರೋಪಕ್ಕೆ ಸಿಗುವುದಿಲ್ಲ. ಹಾಳೆ ತೋರಿಸಿ, ಇದನ್ನು ಓದಿಸಿದೆ ಎನ್ನಬಹುದು. ದಾಖಲೆ ಇಲ್ಲದೆ ಬರೀ ಬಾಯಿಮಾತಿನಲ್ಲಿ ಪಾಠ ಮಾಡುವ ಶಿಕ್ಷಕರೇ ಇವತ್ತು ಒಂಟಿ.

ಇದೆಲ್ಲ ಕನಸು ಎನ್ನುವವರಿಗೆ: ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ 1980ರ ದಶಕದಲ್ಲೇ ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆ ಕೂತು, ಸಮಾಜ ವಿಜ್ಞಾನವನ್ನು ವ್ಯಾಖ್ಯೆಗಳಿಂದ ಬಿಡಿಸಿ, ಕಥನ ಮತ್ತು ಪ್ರಶ್ನೆಗಳ ಮೂಲಕ ಕಲಿಸುವ ಪ್ರಯೋಗ ಮಾಡಿತ್ತು. ಆಗ ಝೆರಾಕ್ಸ್ ಮಾಡಿಸಲೂ ಪೇಟೆಗೆ ಹೋಗಬೇಕಿತ್ತು. ಈಗ ಹಳ್ಳಿಯ ಶಾಲೆಯ ಮೇಷ್ಟ್ರ ಜೇಬಿನಲ್ಲೂ ಫೋನ್ ಇದೆ.

ಕೊನೆಗೆ ನಮ್ಮ ಮಾತು. ಊರು ಬಿಟ್ಟು ಬಂದವರಿಗೆ ಊರಿನ ಶಾಲೆಯ ಬಗ್ಗೆ ಮಾತಾಡುವ ಹಕ್ಕಿದೆಯೇ? ಬರೀ ಗೊಣಗುವವರಾದರೆ ಇಲ್ಲ. ಆದರೆ ಒಂದು ನೆನಪು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನ ಕಡೆಯವರು. ಅವರ ತಮ್ಮ ಬಿ. ಶಿವರಾವ್, ಪತ್ರಕರ್ತರು, ಸಭೆಯ ಸದಸ್ಯರು, ಮುಂದೆ 1960ರ ದಶಕದಲ್ಲಿ ಸಂವಿಧಾನ ರಚನೆಯ ಟಿಪ್ಪಣಿ, ಪತ್ರ, ಸಮಿತಿ ವರದಿಗಳನ್ನು ಒಟ್ಟುಮಾಡಿ ಸಂಪುಟಗಳಾಗಿ ಪ್ರಕಟಿಸುವ ಕೆಲಸದ ನೇತೃತ್ವ ವಹಿಸಿದರು. ಇವತ್ತು ಮೂಲ ದಾಖಲೆ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಆ ಸಂಪುಟಗಳಲ್ಲಿದೆ. ನಮ್ಮ ಕರಾವಳಿಯಿಂದ ವಲಸೆ ಹೋದ ಮನುಷ್ಯ ಮಾಡಿಟ್ಟ ಬುತ್ತಿ ಅದು. ಅದನ್ನು ಕನ್ನಡದ ಹಾಳೆಗಳಾಗಿ ಬಿಚ್ಚುವ ಕೆಲಸ ಉಳಿದಿದೆ.

ಈ ಪತ್ರಿಕೆ ಓದುವವರಲ್ಲಿ ವಕೀಲರಿದ್ದಾರೆ, ಅನುವಾದಕರಿದ್ದಾರೆ, ದೆಹಲಿ ಚೆನ್ನೈಗಳಲ್ಲಿ ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ದುಡ್ಡು ನಮ್ಮ ಸಂಘಗಳಲ್ಲಿದೆ. ಒಬ್ಬರು ಒಂದು ದಿನದ ಚರ್ಚೆಯಿಂದ ನಾಲ್ಕು ಪುಟ ಆರಿಸಿ, ಎರಡೂ ಕಡೆಯ ವಾದ ಇರುವಂತೆ ನೋಡಿಕೊಂಡು, ಹೈಸ್ಕೂಲು ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಇಳಿಸಲಿ. ಇನ್ನೊಬ್ಬರು ಮೂಲಕ್ಕೆ ಹೋಲಿಸಿ ತಿದ್ದಲಿ. ಒಬ್ಬ ಶಿಕ್ಷಕರಿಗೆ ಮೊದಲು ತೋರಿಸಲಿ, ಅವರು ಕಠಿಣ ಎಂದ ಪದ ಬದಲಿಸಲಿ. ಹಾಗೆಂದು ಸರ್ಕಾರ ತನ್ನ ಕೆಲಸದಿಂದ ತಪ್ಪಿಸಿಕೊಳ್ಳಬಾರದು. ತರಬೇತಿಯ ದಿನ, ಟಿಎ-ಡಿಎ, ನೀಲನಕ್ಷೆ ಇವು ಅವರ ಜವಾಬ್ದಾರಿ. ಹಾಳೆ ಇಲ್ಲ ಎಂಬ ನೆಪವನ್ನಾದರೂ ನಾವು ಅವರಿಂದ ಕಿತ್ತುಕೊಳ್ಳೋಣ.

ಆ ವರ್ಷ ನವೆಂಬರಿಗೆ ಮುಂಚೆ ನಾನು 30ನೇ ತಾರೀಖಿನ ಚರ್ಚೆಯನ್ನು ನಾಲ್ಕು ಪುಟ ಕನ್ನಡ ಮಾಡಿ ಅಕ್ಕನಿಗೆ ಕಳಿಸಿದೆ. ಮೊದಲ ಸಲ ಓದಿ, "ಇದು ವಕೀಲರ ಕನ್ನಡ ಆತೋ" ಎಂದು ವಾಪಸ್ ಕಳಿಸಿದಳು. ತಿದ್ದಿದೆ. ಕೊಪ್ಪಳ ಕಲ್ಯಾಣ ಕರ್ನಾಟಕದ ಜಿಲ್ಲೆ. 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಸರ್ಟಿಫಿಕೇಟು ಅಲ್ಲಿನ ಪ್ರತಿ ಮನೆಯ ಮಾತು. ಹಾಗಾಗಿ ಸ್ಥಳೀಯರು ಎಂದರೆ ಯಾರು ಎಂಬ ಪ್ರಶ್ನೆ ಮಕ್ಕಳಿಗೆ ಹೊಸದೇನೂ ಆಗಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಹಾಳೆ ಹಂಚಿ, ಮೂವರು ಮಕ್ಕಳಿಂದ ಮೂವರ ಮಾತು ಓದಿಸಿದಳಂತೆ. ಹಕ್ಕಿಯ ಸಾಲು ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತಳಂತೆ.

"ಹಂಗಾದ್ರ ಪುಣೆಕ ಸೆಂಟ್ರಿಂಗ್ ಕೆಲಸಕ್ಕ ಹೋದ ನಮ್ಮಪ್ಪನೂ ಆ ಹಕ್ಕೀನಾ ಟೀಚರ್?"

ಅಕ್ಕನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲವಂತೆ. ಇಪ್ಪತ್ತೆರಡು ವರ್ಷದಲ್ಲಿ ಈ ಪಾಠದಲ್ಲಿ ಯಾರೂ ಅವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿರಲಿಲ್ಲ. ಹಾಳೆಯನ್ನು ಇನ್ನೊಮ್ಮೆ ಓದೋಣ, ಅವರು ಯಾವ ಕೆಲಸದ ಬಗ್ಗೆ ಮಾತಾಡ್ತಾರ ನೋಡು ಎಂದಳಂತೆ. ಹುಡುಗಿ ಬೆರಳಿಟ್ಟು ಓದಿ, ಇದು ಸರ್ಕಾರಿ ನೌಕರಿ ಮಾತು, ಅಪ್ಪಂದು ಅಲ್ಲ ಎಂದಳು. ಹಾಗಾದರೆ ಅಪ್ಪನ ಬಗ್ಗೆ ಎಲ್ಲಿ ಬರೆದಿದೆ ಎಂದು ಹುಡುಕಿ, ಎಲ್ಲರೂ ಸೇರಿ 19ನೇ ವಿಧಿಗೆ ಬಂದರು. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಇನ್ನೊಂದು ಹಾಳಿ ಕಳಸು" ಎಂದು ರಾತ್ರಿ ಅಕ್ಕ ಫೋನ್ ಮಾಡಿದಳು. ಒಬ್ಬ ತಮ್ಮ ಎಷ್ಟು ಕಳಿಸಬಲ್ಲ?